ತನಗಾಗಿ ಬೇಡದ ಅಡಿವೆಯ್ಯ

ಈ ಕಥೆಯ ಗುರುಗಳ ಪಾದ ಒತ್ತಿ ವಿದ್ಯೆ ಕಲಿತವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ.

ಸುಳ್ಳು. ಆ ಗುರುಗಳು ಲಿಂಗೈಕ್ಯರಾದಾಗ ನನ್ನ ಮುತ್ತಜ್ಜನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಆದರೆ ಕಥೆ ನಿಜ. ಅಂದರೆ, ನನ್ನ ಕಿವಿಗೆ ಬಿದ್ದಾಗ ನಿಜವಿತ್ತು. ಆಮೇಲೆ ನಾನು ಹತ್ತಾರು ಚಹಾದಂಗಡಿಗಳಲ್ಲಿ ಹೇಳಿದ್ದೇನೆ. ಒಂದಿಷ್ಟು ಸವೆದಿರಬಹುದು, ಒಂದಿಷ್ಟು ಬೆಳೆದಿರಬಹುದು.

ಹೊಳೆಯ ದಂಡೆಗೊಂದು ಮಠ. ಮಠದಲ್ಲಿ ನಿರುಪಾದಿ ಅಪ್ಪಾರು ಎಂಬ ಗುರುಗಳು, ಅವರ ಏಳು ಜನ ಶಿಷ್ಯರು.

ಮಠಕ್ಕೆ ಹೊಲವಿಲ್ಲ, ಮನೆಯಿಲ್ಲ, ಇನಾಮಿಲ್ಲ. ಊರು ಹಾಕಿದ ಭಿಕ್ಷೆಯಿಂದಲೇ ಒಲೆ ಉರಿಯಬೇಕು.

ಭಿಕ್ಷೆ ತರುವವನು ಅಡಿವೆಯ್ಯ. ಇಪ್ಪತ್ತು ವರ್ಷದಿಂದ ಅವನೇ.

ಅವನಂಥ ಬೇಡುವವನು ಆ ಸೀಮೆಯಲ್ಲೇ ಇರಲಿಲ್ಲ. ಊರ ಅಗಸೆಬಾಗಿಲಲ್ಲಿ ನಿಂತು "ಮಠದ ಜೋಳಿಗಿ ಬಂದೈತ್ರವ್ವಾ!" ಎಂದು ಕೂಗಿದರೆ ಕಟ್ಟಕಡೆಯ ಮನೆಯ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತಂತೆ. ಇದು ನಾನು ಹೇಳುವ ಮಾತಲ್ಲ, ಊರವರದು. ಊರವರು ಹೇಳದಿದ್ದರೆ ನಾನೇ ಹೇಳುತ್ತಿದ್ದೆ.

ಜೋಳಿಗೆ ಹಿಡಿದವನಿಗೆ ಎರಡು ನೇಮ. ಹಾಕಿದ್ದನ್ನು ಬೇಡ ಅನ್ನಬಾರದು. ತನಗಾಗಿ ಬೇಡಬಾರದು.

ಮೊದಲನೆಯದನ್ನು ಅಡಿವೆಯ್ಯ ತಕ್ಕಮಟ್ಟಿಗೆ ನಡೆಸುತ್ತಿದ್ದ. ಎರಡನೆಯದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಕಾಲಲ್ಲಿ ಮುಳ್ಳು ಮುರಿದರೆ ಪಕ್ಕದವನ ಹತ್ತಿರ ಸೂಜಿ ಕೇಳದೆ ಮೂರು ದಿನ ಕುಂಟುತ್ತಿದ್ದ.

ಅಂಥವನಿಗೆ ಒಂದು ಚಳಿಗಾಲದಲ್ಲಿ ಬಲಪಕ್ಕೆಯ ಕೆಳಗೆ ಒಂದು ಗಂಟು ಕೈಗೆ ಸಿಕ್ಕಿತು. ನಿಂಬೆಹಣ್ಣಿನಷ್ಟು.

ಸಂಜೆಯಾದರೆ ಜ್ವರ. ರೊಟ್ಟಿ ಕಂಡರೆ ಓಕರಿಕೆ.

ಅವನು ಯಾರಿಗೂ ಹೇಳಲಿಲ್ಲ. ತನ್ನ ಪಾಲಿನ ರೊಟ್ಟಿಯನ್ನು ಮಠದ ಆಕಳ ಮುಂದೆ ಇಟ್ಟು ಬರುತ್ತಿದ್ದ. ಆಕಳು ದುಂಡಗಾಯಿತು.

ಗುಟ್ಟು ರಟ್ಟು ಮಾಡಿದವಳು ಫಕೀರವ್ವ. ಊರಿಗೆಲ್ಲ ಹೆಸರಾದ ಜಿಪುಣಿ, ಒಂಟಿ ಮುದುಕಿ. ಒಂದು ಬೆಳಿಗ್ಗೆ ಮಠದ ಕಟ್ಟೆಗೆ ಬಂದು ಕೂತೇ ಬಿಟ್ಟಳು.

"ಅಪ್ಪಾರ, ನಿಮ್ಮ ಶಿಷ್ಯಾ ನನಗ ಮೋಸಾ ಮಾಡಾಕ ಹತ್ಯಾನ್ರಿ."

"ಏನ ಮಾಡಿದ ತಾಯಿ?"

"ಮೊದಲ ಅಗಸ್ಯಾಗ ಕೂಗಿದ್ರ ನಮ್ಮ ಮನಿಗೆ ಕೇಳತಿತ್ತು. ನಾನು ತುಪ್ಪದ ಗಡಿಗಿ ಒಳಗಿಟ್ಟು, ಒಣಾ ರೊಟ್ಟಿ ಅರ್ಧಾ ಮುರದು ಕೈಯಾಗ ಹಿಡಕೊಂಡು ತಯಾರ ಇರತಿದ್ದೆ. ಈಗ ಹೊಸ್ತಲದಾಗ ಬಂದು ನಿಂತರೂ ದನಿ ಕೇಳೂದಿಲ್ಲ. ನಿನ್ನಿ ತುಪ್ಪದ ಗಡಿಗ್ಯಾಗ ಕೈ ಇಟ್ಟಾಗ ಸಿಕ್ಕಬಿದ್ದೆ!"

ಅಪ್ಪಾರು ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ನಗು ನಿಂತಿತು.

"ದನಿ ಅಷ್ಟು ಇಳದೈತೇನು?"

"ದನಿ ಅಷ್ಟ ಅಲ್ರಿ. ಗೂಟಕ್ಕ ಅಂಗಿ ಹಾಕಿದಂಗ ಆಗ್ಯಾನ. ನೀವು ಕಣ್ಣು ಮುಚ್ಚಿ ಧ್ಯಾನಾ ಮಾಡೂ ಮಂದಿ, ನಿಮಗೆಲ್ಲಿ ಕಾಣಬೇಕು?"

ಅವಳು ಹೋದ ಮೇಲೆ ಅಪ್ಪಾರು ಅಡಿವೆಯ್ಯನನ್ನು ಕರೆದರು.

"ಏನಾಗೇತಿ?"

"ಏನಿಲ್ರಿ."

ಅಪ್ಪಾರು ಅವನು ಅಂಗೈಯಿಂದ ಮರೆಮಾಡಿದ್ದ ಬಲಪಕ್ಕೆಗೆ ಮೆಲ್ಲಗೆ ಕೈ ಇಟ್ಟರು. ಅಡಿವೆಯ್ಯ ಹಲ್ಲು ಕಚ್ಚಿದ.

"ಈ ಏನಿಲ್ಲಕ್ಕ ಎಷ್ಟ ದಿನಾ ಆತು?"

"ಎರಡು ತಿಂಗಳ್ರಿ."

"ಯಾಕ ಹೇಳಲಿಲ್ಲ?"

"ತನಗಾಗಿ ಬೇಡಬಾರದು ಅಂತ ನೀವ ಹೇಳೀರಲ್ರಿ ಅಪ್ಪಾರ."

ಅಪ್ಪಾರು ಕೈ ಹಿಂದಕ್ಕೆ ತೆಗೆದುಕೊಂಡರು.

"ನಾ ಹೇಳಿದ ಮಾತು ಇಷ್ಟು ಚಂದಂಗ ನಡಸಿದವ ನೀ ಒಬ್ಬನ. ಹೇಳಬೇಕಾದ್ರ ನಾ ಎರಡು ಸಲ ವಿಚಾರ ಮಾಡಬೇಕಿತ್ತು."

ಹೊಳೆಯಾಚೆಯ ಊರಿನಿಂದ ಹಕೀಮ ಮೌಲಾಸಾಬರನ್ನು ಕರೆಸಿದರು. ಹಕೀಮರು ನಾಡಿ ಹಿಡಿದರು, ನಾಲಗೆ ನೋಡಿದರು, ಗಂಟನ್ನು ಬೆರಳಲ್ಲಿ ಅಳೆದರು.

ಅಡಿವೆಯ್ಯನೇ ಕೇಳಿದ. "ಉಳಿತೇನ್ರಿ?"

"ಇಂಥಾ ಗಂಟಿನಾಗ ಕೆಲವರು ಉಳಿತಾರ, ಅಯ್ಯಾರ."

"ಮತ್ತ ಉಳದವರು?"

"ಉಳದವರು ಉಳಿಯೂದಿಲ್ಲ."

"ನಾ ಯಾವ ಕಡೆ?"

"ಮೂರು ತಿಂಗಳು ಕಷಾಯ ಕುಡೀರಿ. ಆಮ್ಯಾಲ ಹೇಳತೀನಿ."

ಆ ಇಡೀ ದಿನ ಅಡಿವೆಯ್ಯನ ತಲೆಯಲ್ಲಿ ಒಂದೇ ಲೆಕ್ಕ. ಹೋಗುವುದಾದರೆ ಹೋಗಬಹುದು, ಉಳಿಯುವುದಾದರೆ ಉಳಿಯಬಹುದು. ಆದರೆ ಮೂರು ತಿಂಗಳು ಮಲಗಿ ಬೇರೆಯವರಿಂದ ಮೈ ಒರೆಸಿಕೊಳ್ಳುವುದು? ನೀರು ಕೊಡಿ, ಹೊರಳಿಸಿ ಎಂದು ಕೇಳುವುದು? ಅದು ತನ್ನಿಂದಾಗದು.

ಮರುದಿನ ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ಹೋದಾಗ ಕಂಬಳಿ, ತಂಬಿಗೆ ಗಂಟು ಕಟ್ಟಿಕೊಂಡು ಹೊರಟ. ಹೊಳೆಯಾಚೆ ಒಂದು ಪಾಳು ಮಂಟಪವಿತ್ತು. ಯಾರಿಗೂ ತೊಂದರೆಯಿಲ್ಲದ ಜಾಗ.

ಹರಿಗೋಲಿನ ಹತ್ತಿರ ಬಂದರೆ, ಅಲ್ಲಿ ಅಪ್ಪಾರು ಕೂತಿದ್ದರು. ಅವರ ಮಡಿಲಲ್ಲೂ ಒಂದು ಗಂಟು.

"ಎಲ್ಲಿಗ್ರಿ ಅಪ್ಪಾರ?"

"ಆಚಿ ಮಂಟಪಕ್ಕ. ನೀ?"

"ನಾನೂ... ನೀವ್ಯಾಕ್ರಿ?"

"ವಯಸ್ಸಾತು. ಇನ್ನ ಮಠಕ್ಕ ನಾ ಭಾರ. ಯಾರಿಗೂ ಭಾರ ಆಗಬಾರದು ಅಂತ ಯಾರೋ ಶಾಣ್ಯಾ ಒಬ್ಬ ಗಂಟು ಕಟ್ಟೂದು ಕಂಡೆ. ಚಲೋ ವಿಚಾರ ಅನಸ್ತು."

ಅಡಿವೆಯ್ಯ ತಲೆ ತಗ್ಗಿಸಿದ. "ಅಲ್ಲಿ ನಿಮಗ ಗಂಜಿ ಕಾಸವರು ಯಾರ್ರಿ?"

"ನೀ ಇರತೀಯಲ್ಲ."

"ನನಗ ಏಳಾಕ ಬರಲಾರದಂಗ ಆದ್ರ?"

"ನಾ ಕಾಸತೀನಿ."

"ನಿಮಗೂ ಆಗಲಿಲ್ಲಂದ್ರ?"

"ಹೌದಲ್ಲೋ!" ಅಪ್ಪಾರು ಗಾಬರಿಯಾದವರಂತೆ ಎದ್ದು ನಿಂತರು. "ಮತ್ತೊಬ್ಬನ್ನ ಕರಕೊಂಡು ಹೋಗೂಣು. ಅವನಿಗೆ ಜಡ್ಡಾದ್ರ ಇನ್ನೊಬ್ಬನ್ನ. ಏಳು ಮಂದೀನೂ ಬರಲಿ. ಮಂದಿಗೆ ಭಿಕ್ಷಾ ಬೇಕು, ಅದಕ್ಕ ಊರೂ ಬರಲಿ. ಏ ಅಂಬಿಗಾ! ಊರ ದಾಟಸಾಕ ಎಷ್ಟ ಸಲ ಹೋಗಿ ಬರಬೇಕಾಗತೈತೋ?"

ಅಂಬಿಗ ಬೆರಳು ಮಡಚಿ ಎಣಿಸಲು ಕೂತ. ಒಳ್ಳೆಯ ಮನುಷ್ಯ, ಗುರುಗಳ ಮಾತನ್ನು ಎಂದೂ ಹಗುರ ಮಾಡಿದವನಲ್ಲ.

ಅಡಿವೆಯ್ಯನಿಗೆ ನಗು ಬಂತು. ನಕ್ಕರೆ ಗಂಟು ನೋಯಿತು. ನಗುತ್ತ, ನೋಯುತ್ತ ಅಲ್ಲೇ ಮರಳಿನ ಮೇಲೆ ಕುಸಿದ.

ಅಪ್ಪಾರು ಎರಡೂ ಗಂಟನ್ನು ತಾವೇ ಹೆಗಲಿಗೇರಿಸಿಕೊಂಡು, ಅವನ ಕೈ ಹಿಡಿದು ಮಠಕ್ಕೆ ಕರೆತಂದರು.

ಅವನನ್ನು ಪಡಸಾಲೆಯಲ್ಲಿ ಮಲಗಿಸಿ, ಗೂಟದಿಂದ ಜೋಳಿಗೆ ತೆಗೆದುಕೊಂಡರು.

"ಅಪ್ಪಾರ, ನೀವ್ಯಾಕ? ಬ್ಯಾರೆ ಯಾರರ ಹೋಗಲಿ."

"ಎಪ್ಪತ್ತೈದು ವರ್ಷ ಆದವ ಬೇಡಿದ್ರ ಇಲ್ಲ ಅನ್ನಾಕ ಜೀವ ಬರಬೇಕಲ್ಲ. ನನಗೂ ಒಂದಿಷ್ಟು ಕಪಟ ಬರತೈತಿ."

ಊರು ದೂರವಿರಲಿಲ್ಲ. ಪಡಸಾಲೆಯಲ್ಲಿ ಮಲಗಿದವನಿಗೆ ಗುರುಗಳ ಕೂಗು ಕೇಳಿಸಿತು. ಒಡೆದ ಗಡಿಗೆಯ ಸದ್ದಿನಂಥ ದನಿ.

"ಅಡಿವೆಯ್ಯಗ ಜಡ್ಡಾಗೇತ್ರವ್ವಾ! ಉಳಿತಾನೋ ಇಲ್ಲೋ ತಿಳದಿಲ್ಲಾ! ಹಿಟ್ಟು ಬ್ಯಾಡ, ನುಚ್ಚು ಬ್ಯಾಡ! ದಿನಕ್ಕ ಒಂದೊಂದು ತಾಸು ಹಾಕ್ರೆವ್ವಾ! ಅವನ ಹತ್ರ ಬಂದು ಕುಂಡರೂ ತಾಸು!"

ಒಂದು ಓಣಿಯಲ್ಲಲ್ಲ, ಎಲ್ಲ ಓಣಿಯಲ್ಲಿ. ಒಂದು ಸಲವಲ್ಲ, ಮನೆಗೊಂದು ಸಲ.

ಅಡಿವೆಯ್ಯ ಕಂಬಳಿಯನ್ನು ತಲೆತುಂಬ ಎಳೆದುಕೊಂಡ. ರೋಗದಿಂದ ಸಾಯುತ್ತಾನೋ ಇಲ್ಲವೋ, ನಾಚಿಕೆಯಿಂದ ಈಗಲೇ ಸಾಯುವುದು ಖಂಡಿತ ಅನ್ನಿಸಿತು.

ಅಪ್ಪಾರು ಬಂದಾಗ ಜೋಳಿಗೆ ಬರಿದಾಗಿತ್ತು.

ಅವರ ಹಿಂದೆ ಹನ್ನೊಂದು ಜನರಿದ್ದರು. ಹದಿನೇಳು ಎಂದು ಹೇಳುವವರೂ ಇದ್ದಾರೆ. ಜಗಳ ಬೇಡವೆಂದು ನಾನು ಹನ್ನೊಂದಕ್ಕೇ ನಿಲ್ಲಿಸಿದ್ದೇನೆ.

ಅಂದಿನಿಂದ ಜನ ಬರತೊಡಗಿದರು. ಒಬ್ಬರಾದ ಮೇಲೊಬ್ಬರು, ತಾಸಿಗೊಬ್ಬರು.

ಜೋಳಿಗೆ ಹಿಡಿದವನಿಗೆ ಒಂದು ರೂಢಿಯುಂಟು. ಭಿಕ್ಷೆ ಹಾಕಿದವರ ಹಣೆಗೆ ವಿಭೂತಿ ಹಚ್ಚಿ, ಮನೆಮಂದಿಯ ಸುಖದುಃಖ ಕೇಳಿ, ಹರಸಿಯೇ ಹೋಗಬೇಕು. ಇಪ್ಪತ್ತು ವರ್ಷದ ಕೈ, ಸುಮ್ಮನಿದ್ದೀತೇ?

ಯಾರು ಬಂದರೂ ಅಡಿವೆಯ್ಯ ಗೋಡೆ ಹಿಡಿದು ಎದ್ದು ಕೂರುವನು. ವಿಭೂತಿ ಹಚ್ಚುವನು.

"ಎಮ್ಮಿ ಈಯ್ತೇನವ್ವಾ? ಮಗಳ ಗಂಡನ ಮನ್ಯಾಗ ಈಗ ಜಗಳ ಕಡಿಮಿ ಆತೇನು? ಚಿಂತಿ ಮಾಡಬ್ಯಾಡ, ಎಲ್ಲಾ ಚಲೋ ಆಗತೈತಿ."

ಬಂದವರು ಹಗುರಾಗಿ ಹೋಗುತ್ತಿದ್ದರು. ನೋಡಲು ಹೋದವರಿಗೇ ಸಮಾಧಾನ ಸಿಗುತ್ತದೆ ಎಂಬ ಸುದ್ದಿ ಹಬ್ಬಿ, ಪಕ್ಕದ ಹಳ್ಳಿಯಿಂದಲೂ ಜನ ಬಂದರು.

ಐದನೆಯ ದಿನ ಅಡಿವೆಯ್ಯನ ಜ್ವರ ಮಧ್ಯಾಹ್ನಕ್ಕೇ ಏರಿತು. ಆದರೂ ಕೈ ವಿಭೂತಿಗೆ ಚಾಚುತ್ತಿತ್ತು.

ಅಪ್ಪಾರು ಬಂದು ಪಕ್ಕದಲ್ಲಿ ಕೂತರು. ವಿಭೂತಿಯ ಗಟ್ಟಿ ಎತ್ತಿಕೊಂಡರು. ನೀರಲ್ಲಿ ತೇಯ್ದು ತಮ್ಮ ಹಣೆಗೆ ಬಳಿದುಕೊಂಡರು. ಆಮೇಲೆ ತೋಳಿಗೆ. ಆಮೇಲೆ ಎದೆಗೆ, ಹೊಟ್ಟೆಗೆ, ಬೋಳುತಲೆಗೆ. ಮೂಗಿನ ತುದಿಗೂ ಬಳಿದುಕೊಂಡಾಗ ಗಟ್ಟಿ ಮುಗಿಯಿತು.

"ಅಪ್ಪಾರ, ಇದೇನ್ರಿ?"

"ಖರ್ಚು ಮಾಡಿದೆ."

"ಇನ್ನ ಬಂದವರಿಗೆ ಏನ ಕೊಡ್ಲಿ?"

"ಏನೂ ಕೊಡಬ್ಯಾಡ."

"ಹಂಗ ಬರೇ ತಗೊಂಡು ಕುಂಡ್ರೂದು ಹ್ಯಾಂಗ್ರಿ?"

"ಕುಂಡ್ರಬ್ಯಾಡ. ಮಲಕೋ. ಮಲಕೊಂಡು ತಗೋ."

"ನನಗ ಬರೂದಿಲ್ರಿ."

"ಬರೂದಿಲ್ಲ ಅಂತ ಗೊತ್ತೈತಿ. ಅದಕ್ಕ ಮಠದಾಗ ಇಟಗೊಂಡೀನಿ. ಎಲ್ಲಾ ಬರೂವಂಥವ ಆಗಿದ್ರ ಎಂದೋ ಮನಿಗೆ ಕಳಸತಿದ್ದೆ."

ಅಷ್ಟರಲ್ಲಿ ಕ್ಷೌರಿಕ ಮಾನಪ್ಪ ತನ್ನ ತಾಸಿಗೆಂದು ಬಂದ. ಪಡಸಾಲೆಯ ಮಬ್ಬಿನಲ್ಲಿ ಬೆಳ್ಳಗೆ ಕೂತಿದ್ದ ಆಕಾರ ನೋಡಿ "ಯಪ್ಪಾ! ಕರಕೊಂಡು ಹೋಗಾಕ ಬಂದ ಬಿಟ್ಟಾರಲ್ಲೋ!" ಎಂದು ಕಿರುಚಿ ಅಂಗಳಕ್ಕೆ ಹಾರಿದ.

ಅವನನ್ನು ಮರಳಿ ಕರೆತರಲು ಇಬ್ಬರು ಶಿಷ್ಯರು ಬೇಕಾದರು.

ಈ ಮಾನಪ್ಪನದೇ ಒಂದು ತೊಂದರೆ. ಅವನು ಕೂತರೆ ಸತ್ತವರ ಸುದ್ದಿ.

"ನಮ್ಮ ಸೋದರಮಾವಗೂ ಇಂಥಾದ್ದ ಗಂಟು ಇತ್ರಿ ಅಯ್ಯಾರ. ಭಾಳ ಗಟ್ಟಿ ಮನಶ್ಯಾ. ಹದಿನೈದು ದಿನಾ ಅಷ್ಟ. ಆಮ್ಯಾಲ ನಮ್ಮ ಓಣಿ ಚಂದ್ರವ್ವ, ಆಕಿದು ಎಡಗಡೆ ಇತ್ತು..."

ಅಡಿವೆಯ್ಯ ಕಣ್ಣು ಮುಚ್ಚಿ ಸಹಿಸಿದ. ಮಾನಪ್ಪ ಹೋದೊಡನೆ ಗುರುಗಳ ಹತ್ತಿರ ದೂರಿದ.

"ಅಪ್ಪಾರ, ಕಾಳಪ್ಪ ಬರಲಿ, ಬ್ಯಾಡ ಅನ್ನೂದಿಲ್ಲ. ಈ ಮಾನಪ್ಪ ಮಾತ್ರ ಬ್ಯಾಡ್ರಿ."

ಕಾಳಪ್ಪ ನೇಕಾರ. ತನ್ನ ತಾಸಿಗೆ ನೂಲಿನ ಲಡಿ ಹಿಡಿದುಕೊಂಡು ಬಂದು, ಮೂಲೆಯಲ್ಲಿ ಕೂತು ಸುತ್ತುವನು. ಒಂದು ಮಾತೂ ಆಡದೆ ಎದ್ದು ಹೋಗುವನು. ಅವನಿರುವಾಗ ಅಡಿವೆಯ್ಯನಿಗೆ ನಿದ್ದೆ ಬರುತ್ತಿತ್ತು.

"ಹಾಕಿದ್ದನ್ನ ಬ್ಯಾಡ ಅನ್ನಬಾರದು," ಅಂದರು ಅಪ್ಪಾರು.

"ನೇಮ ಗೊತ್ತೈತ್ರಿ. ಆದ್ರ ಅವ ಹಾಕೂದು ಕಲ್ಲು."

"ಭಿಕ್ಷದ ಜೋಳದಾಗ ಕಲ್ಲು ಬಂದ್ರ ಏನ ಮಾಡತಿದ್ದಿ? ಜೋಳಾ ಚೆಲ್ಲತಿದ್ದೇನು?"

"ಹಸನ ಮಾಡತಿದ್ದೆ. ಕಲ್ಲು ಆರಿಸಿ ಒಗದು, ಜೋಳಾ ಇಟಗೋತಿದ್ದೆ."

"ಹಂಗಾರ ಮಾನಪ್ಪನ್ನ ಹಸನ ಮಾಡಕೋ."

ಮರುದಿನ ಮಾನಪ್ಪ ಬಂದ. ಕೂತ. ಸೋದರಮಾವನನ್ನು ಮತ್ತೊಮ್ಮೆ ಸಾಯಿಸಿದ.

ಅಡಿವೆಯ್ಯ ಹುಡುಕುತ್ತ ಮಲಗಿದ್ದ. ಈ ಕಲ್ಲಿನ ರಾಶಿಯಲ್ಲಿ ಕಾಳು ಎಲ್ಲಿದೆ?

ಸೋದರಮಾವನನ್ನು ಹೂಳಿ ಮುಗಿಸುವಷ್ಟರಲ್ಲಿ ಅವನಿಗೆ ತಿಳಿಯಿತು. ಮಾನಪ್ಪ ಬಾಯಿ ಆಡಿಸುವಷ್ಟು ಹೊತ್ತೂ ಕೈಯನ್ನೂ ಆಡಿಸುತ್ತಿದ್ದ. ಅಂಗಾಲಿನಿಂದ ಮೊಣಕಾಲಿನ ತನಕ ಒತ್ತುತ್ತಿದ್ದ. ಎಂಥ ಕೈ ಅದು! ಎಲ್ಲಿ ನೋವಿದೆಯೋ ಅಲ್ಲಿಗೇ ಹೋಗಿ ನಿಲ್ಲುವ ಕೈ. ಬಂದ ಮೊದಲ ದಿನದಿಂದಲೂ ಒತ್ತುತ್ತಿದ್ದ. ಬಾಯಿಯ ಗದ್ದಲದಲ್ಲಿ ಇವನಿಗೆ ಕೈ ಕಂಡಿರಲಿಲ್ಲ.

"ಮಾನಪ್ಪ."

"ಏನ್ರಿ ಅಯ್ಯಾರ?"

"ಚಂದ್ರವ್ವನ ಸುದ್ದಿ ಹೇಳು. ಆಕಿದು ಭಾಳ ದೊಡ್ಡದೈತಲ್ಲ?"

ಮಾನಪ್ಪ ಹಿಗ್ಗಿ ಹೀರೇಕಾಯಿಯಾದ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಕಷಾಯ ಇಳಿಯುತ್ತಿತ್ತು, ಜ್ವರ ಒಂದು ದಿನ ಬಿಟ್ಟರೆ ಎರಡು ದಿನ ಬರುತ್ತಿತ್ತು. ಗಂಟು ಇದ್ದಲ್ಲೇ ಇತ್ತು. ಅಡಿವೆಯ್ಯ ದಿನಕ್ಕೆ ನೂರು ಸಲ ಅದನ್ನು ಮುಟ್ಟಿ ನೋಡುತ್ತಿದ್ದ. ಬೆಳಿಗ್ಗೆ ಸಣ್ಣದಾದಂತೆ ಅನ್ನಿಸುವುದು, ಮಧ್ಯಾಹ್ನ ದೊಡ್ಡದಾದಂತೆ.

ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ.

"ಅಪ್ಪಾರ, ನೀವು ತಿಳದವರು. ಉಳಿತೇನೋ ಇಲ್ಲೋ, ಎರಡರಾಗ ಒಂದು ಹೇಳಿಬಿಡ್ರಿ. ಸಾಯತೀ ಅಂದ್ರೂ ನಡೀತೈತಿ. ಈ ನಡುವ ಜೋತಾಡೂದು ನನ್ನ ಕೈಲೆ ಆಗೂದಿಲ್ಲ."

ಅಪ್ಪಾರು ಮೊರದಲ್ಲಿ ನುಚ್ಚು ಕೇರುತ್ತಿದ್ದರು. ತಲೆ ಎತ್ತಲಿಲ್ಲ.

"ಫಕೀರವ್ವನ ಮನ್ಯಾಗ ನಾಳಿ ಏನ ಹಾಕತಾಳ ಹೇಳು."

"ಅದ್ಯಾಕ್ರಿ ಈಗ?"

"ಹೇಳಪಾ."

"ಅರ್ಧಾ ರೊಟ್ಟಿ. ಅದೂ ಒಣಾದು."

"ತುಪ್ಪ?"

"ಹೊಳಿ ಹಿಂದಕ್ಕ ಹರದರೂ ಆಕಿ ಕೈಲೆ ತುಪ್ಪಾ ಬೀಳೂದಿಲ್ರಿ. ಇಪ್ಪತ್ತು ವರ್ಷ ಆ ಹೊಸ್ತಲದಾಗ ನಿಂತೀನಿ. ಆ ಊರಾಗಿನ ಒಂದೊಂದು ಕೈನೂ ನನಗ ಗೊತ್ತು."

ಅಪ್ಪಾರು ಹೂಂ ಎಂದು ನುಚ್ಚು ಕೇರಿದರು.

ಮರುದಿನ ಮಧ್ಯಾಹ್ನ ಫಕೀರವ್ವನೇ ಬಂದಳು. ಅಷ್ಟು ದಿನವಾದರೂ ಅವಳು ಒಂದು ತಾಸನ್ನೂ ಹಾಕಿರಲಿಲ್ಲ. ತಾಸನ್ನು ಅರ್ಧ ಮುರಿಯಲು ಬರುವುದಿಲ್ಲ, ಅದಕ್ಕೇ ಎಂದು ಊರವರು ನಗುತ್ತಿದ್ದರು.

ಬಂದವಳು ಬಾಗಿಲಲ್ಲೇ ನಿಂತಳು.

"ಕುಂಡ್ರು ಅವ್ವ," ಅಂದ ಅಡಿವೆಯ್ಯ. ಅಷ್ಟೇ. ಹಚ್ಚಲು ವಿಭೂತಿಯಿರಲಿಲ್ಲ, ಹರಸಲು ಉಸಿರಿರಲಿಲ್ಲ. ಸುಮ್ಮನೆ ಮಲಗಿದ್ದ.

ಅವಳು ಕೂತಳು. ಅವನು ಮಾತಾಡಲಿಲ್ಲ. ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮಾಡಲು ಏನೂ ಇಲ್ಲದಾಗ ಅವನ ಮುಖ ನೋಡಿದಳು.

"ತುಟಿ ನೋಡು, ಬ್ಯಾಸಗಿ ಕೆರಿ ಒಡದಂಗ ಒಡದಾವು. ಇಷ್ಟ ಮಂದಿ ಬರತಾರ, ಒಬ್ಬರಿಗೂ ಕಣ್ಣಿಲ್ಲೇನು?"

ಬೈಯುತ್ತಲೇ ಸೆರಗಿನೊಳಗಿನಿಂದ ಒಂದು ಸಣ್ಣ ಗಡಿಗೆ ತೆಗೆದಳು. ಬೆರಳು ಅದ್ದಿದಳು. ಅವನ ಮೇಲ್ದುಟಿಗೆ, ಕೆಳದುಟಿಗೆ, ಬಾಯಿಯ ಎರಡೂ ಮೂಲೆಗೆ, ಎಳೆ ಕೂಸಿಗೆ ಹಚ್ಚುವಂತೆ ಹಚ್ಚಿದಳು.

ತುಪ್ಪ.

"ನನ್ನ ಮಗನೂ ಹಿಂಗ ಮಲಗಿದ್ದ," ಅಂದಳು. "ಆವಾಗ ಮನ್ಯಾಗ ಬೆರಳಿಗೆ ಹತ್ತೂವಷ್ಟೂ ತುಪ್ಪಾ ಇರಲಿಲ್ಲ. ಅಂದಿನಿಂದ ಗಡಿಗಿ ಬರಿದಾಗಾಕ ಬಿಟ್ಟಿಲ್ಲ ನೋಡು."

ಗಡಿಗೆಯನ್ನು ಅವನ ತಲೆದೆಸೆಗಿಟ್ಟು ಎದ್ದಳು.

"ಖಾಲಿ ಗೀಲಿ ಮಾಡಬ್ಯಾಡ. ದಿನಾ ಬಂದು ನಾನ ಹಚ್ಚತೀನಿ."

ಅವಳು ಹೋದಮೇಲೆ ಅಪ್ಪಾರು ಒಳಗೆ ಬಂದರು. ಗಡಿಗೆ ನೋಡಿದರು. ಅವನನ್ನು ನೋಡಿದರು.

"ಅರ್ಧಾ ರೊಟ್ಟಿ ಎಲ್ಲಿ?"

ಅಡಿವೆಯ್ಯನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ಇಪ್ಪತ್ತು ವರ್ಷ ನಿಂತ ಹೊಸ್ತಲಾ ನಿನಗ ತಿಳೀಲಿಲ್ಲ," ಅಂದರು ಅಪ್ಪಾರು. "ನಾ ಇನ್ನೂ ಕಾಲಿಡಲಾರದ ದಿನದ ಸುದ್ದಿ ನನಗ ಕೇಳತೀ."

ಅಡಿವೆಯ್ಯ ಕಿವಿ ಒರೆಸಿಕೊಂಡ. ಅವನೂ ಕಡಿಮೆಯವನಲ್ಲ.

"ಇದು ಚಲೋದು ಆತ್ರಿ. ಕೆಟ್ಟದ್ದೂ ಹಿಂಗ ಹೇಳಲಾರದ ಬರಬಹುದಲ್ಲ?"

"ಬರಬಹುದು."

"ಬಂದ್ರ?"

"ತುಟಿ ಒಡದಿರೂದಿಲ್ಲ."

ಉಳಿದ ದಿನಗಳೂ ಕಳೆದವು. ಯಾರೂ ತಮ್ಮ ತಾಸು ತಪ್ಪಿಸಲಿಲ್ಲ. ಅಡಿವೆಯ್ಯನೂ ಅಷ್ಟಿಷ್ಟು ಕಲಿತ. ಮೈ ಒರೆಸಿದರೆ ಒರೆಸಿಕೊಂಡ, ಗಂಜಿ ಕುಡಿಸಿದರೆ ಕುಡಿದ. ಆದರೆ ಕೊಟ್ಟದ್ದನ್ನು ತೆಗೆದುಕೊಂಡನೇ ಹೊರತು ಬಾಯಿಬಿಟ್ಟು ಒಂದನ್ನೂ ಕೇಳಲಿಲ್ಲ. ಬಾಯಾರಿದರೆ ತಂಬಿಗೆಯ ಕಡೆ ನೋಡುವನು. ಯಾರಾದರೂ "ಹ್ಯಾಂಗದೀರಿ?" ಎಂದರೆ "ಆರಾಮ ಅದೀನಿ" ಅನ್ನುವನು. ಹೆದರಿಕೆ ಆಗುವುದಿಲ್ಲವೇ ಎಂದು ಮಾನಪ್ಪ ಕೇಳಿದಾಗ "ಛೇ" ಎಂದು ನಕ್ಕಿದ್ದ.

ಮೂರು ತಿಂಗಳು ತುಂಬಿತು. ಹಕೀಮರು ಬರುವ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಸು ಹಾಕಿದವರೆಲ್ಲ ಬಂದಿದ್ದರು. ಕಾಳಪ್ಪ ಅಂದು ನೂಲು ತಂದಿರಲಿಲ್ಲ, ಬರಿಗೈಯನ್ನೇ ಸುತ್ತುತ್ತಿದ್ದ. ಅಡಿವೆಯ್ಯ ತಲೆ ಬಾಚಿಸಿಕೊಂಡು, ಮಡಿ ಬಟ್ಟೆ ಉಟ್ಟು, ತೀರ್ಪಿಗೆ ನಿಂತವನಂತೆ ಮಲಗಿದ್ದ.

ಹಕೀಮರು ನಾಡಿ ಹಿಡಿದರು. ನಾಲಗೆ ನೋಡಿದರು. ಗಂಟನ್ನು ಅಳೆದರು. ಇನ್ನೊಮ್ಮೆ ಅಳೆದರು.

"ಹೆಚ್ಚಾಗಿಲ್ಲ," ಅಂದರು.

ಎಲ್ಲರೂ ಉಸಿರು ಬಿಟ್ಟರು.

"ಕಡಿಮಿನೂ ಆಗಿಲ್ಲ."

ಬಿಟ್ಟ ಉಸಿರು ಅಲ್ಲೇ ನಿಂತಿತು.

"ಅಂದ್ರ?" ಅಂದ ಅಡಿವೆಯ್ಯ.

ಹಕೀಮರು ಮುಖ ಒರೆಸಿಕೊಂಡರು. "ಅಂದ್ರ, ನನಗ ತಿಳೀವಲ್ತು ಅಯ್ಯಾರ. ಇನ್ನೂ ಮೂರು ತಿಂಗಳು ಕುಡೀರಿ. ಆಮ್ಯಾಲ ನೋಡೂಣು."

ಎಲ್ಲರೂ ಒಟ್ಟಿಗೇ ಮಾತಾಡಿದರು. ಹೆಚ್ಚಾಗಿಲ್ಲ ಅಂದರೆ ಚಲೋ ಅಲ್ಲೇನು! ಏನೂ ಆಗೂದಿಲ್ಲ! ನೀವು ಗಟ್ಟಿ ಮನಶ್ಯಾರು! ಅಡಿವೆಯ್ಯ ಎಲ್ಲರಿಗೂ ಹೂಂ ಅಂದ. ನಕ್ಕ. ಆರಾಮ ಅದೀನಿ, ಹೋಗಿ ಬರ್ರಿ ಅಂದ. ದನ ಮರಳುವ ಹೊತ್ತಾಗಿತ್ತು. ಒಬ್ಬೊಬ್ಬರಾಗಿ ಹೋದರು.

ಕೊನೆಗೆ ಉಳಿದವರು ಅಪ್ಪಾರು. ಹಕೀಮರನ್ನು ಹರಿಗೋಲಿನ ತನಕ ಕಳಿಸಿ ಬರಬೇಕು. ಕೋಲು ತೆಗೆದುಕೊಂಡರು, ಶಾಲು ಹೊದ್ದರು.

"ನಾ ಬರತೀನಿ. ಏನರ ಬೇಕೇನು?"

"ಏನೂ ಬ್ಯಾಡ್ರಿ. ನಾ ಆರಾಮ..."

ಮಾತು ಅಲ್ಲಿಗೇ ನಿಂತಿತು.

ಅಪ್ಪಾರು ಹೊಸ್ತಿಲ ಕಡೆ ಹೆಜ್ಜೆಯಿಟ್ಟರು. ಶಾಲು ಮುಂದೆ ಬರಲಿಲ್ಲ. ತಿರುಗಿ ನೋಡಿದರೆ ಅದರ ಅಂಚು ಅಡಿವೆಯ್ಯನ ಮುಷ್ಟಿಯಲ್ಲಿತ್ತು.

"ಅಪ್ಪಾರ."

"ಏನಪಾ?"

ಊರಿಗೆ ಊರನ್ನೇ ಕೂಗಿ ಕರೆಯುತ್ತಿದ್ದ ಗಂಟಲು. ಎರಡು ಸಲ ತೆರೆಯಿತು, ಎರಡು ಸಲ ಮುಚ್ಚಿತು. ಮೂರನೆಯ ಸಲ ಮಾತು ಹೊರಬಿತ್ತು. ಎಷ್ಟು ಸಣ್ಣಗೆಂದರೆ ಅಪ್ಪಾರು ಬಗ್ಗಿ ಕೇಳಬೇಕಾಯಿತು.

"ನನಗ ಅಂಜಿಕಿ ಆಗೇತ್ರಿ. ಹೋಗಬ್ಯಾಡ್ರಿ. ನನ್ನ ಹತ್ರ ಕುಂಡ್ರಿ."

ಅಪ್ಪಾರು ಕೋಲನ್ನು ಗೋಡೆಗೆ ಒರಗಿಸಿದರು. ಶಾಲು ತೆಗೆದು ಅವನ ಕಾಲ ಮೇಲೆ ಹೊದಿಸಿದರು. ಚಾಪೆಯ ಅಂಚಿಗೆ ಕೂತರು. ಜಾಗ ಸಾಲಲಿಲ್ಲ.

"ಚೂರು ಸರಿ," ಅಂದರು. "ನನಗೂ ಅಂಜಿಕಿ ಆಗೇತಿ."

ಅಂದ ಹಾಗೆ, ನನ್ನ ಚಹಾದ ದುಡ್ಡು ನೀವೇ ಕೊಡ್ತೀರಲ್ಲ?